ಸಹಿ ಇಲ್ಲದ ನೋಟು

ನೋಟು ಸಂಗ್ರಹಿಸುವ ಗೆಳೆಯರೊಬ್ಬರು ಕಳೆದ ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಬಂದು, ಬ್ಯಾಂಕ್ ಆಫ್ ಬಾಂಬೆಯ ಕಾಲದ ಸಹಿಯಿಲ್ಲದ ನೋಟೊಂದನ್ನು ಮುಂದಿಟ್ಟರು. “ನಿಮ್ಮ ಅಕ್ಷರ ಚೆನ್ನಾಗಿದೆ ರಾಯರೇ, ಇಲ್ಲೊಂದು ಹಳೆಯ ಸಹಿ ಬರೆದುಕೊಡಿ. ಬೆಲೆ ಏರುತ್ತದೆ; ಯಾರಿಗೇನು ನಷ್ಟ?” ಎಂದರು.

1840ರಲ್ಲಿ ಸ್ಥಾಪನೆಯಾದ ಆ ಬ್ಯಾಂಕು ತನ್ನದೇ ನೋಟು ಹೊರಡಿಸುತ್ತಿತ್ತು. 1861ರ ಕಾಯಿದೆಯಿಂದ ಆ ಹಕ್ಕು ಸರಕಾರದ ಪಾಲಾಯಿತು. ಅಂದು ನೋಟಿನ ಸಂಖ್ಯೆ, ತಾರೀಖು, ಸಹಿಗಳನ್ನು ಕೈಯಿಂದ ತುಂಬುತ್ತಿದ್ದರು. ತುಂಬದೆ ಉಳಿದದ್ದನ್ನು ಸಂಗ್ರಾಹಕರು ‘ರಿಮೇಂಡರ್’ ಎನ್ನುತ್ತಾರೆ. ‘ಪ್ರೂಫ್’ಗೂ ಸಹಿಯಿಲ್ಲ, ಆದರೆ ಅದು ಅಚ್ಚಿನ ತಪ್ಪು ಒಪ್ಪು ನೋಡಲು ತೆಗೆದದ್ದು. ಅದರದು ಹೆಚ್ಚಾಗಿ ಬೇರೆ ತೆಳುಕಾಗದ, ಕೆಲವೊಮ್ಮೆ ರದ್ದತಿಯ ತೂತು. ರಿಮೇಂಡರಿಗೆ ನೋಟಿನದೇ ಕಾಗದ.

ಗುಮಾಸ್ತನಾದ ನನಗೆ ಈ ಭೇದ ಹೊಸತಲ್ಲ. ಕರಡು ಬೇರೆ, ಸಹಿಗೆ ಕಾದಿರುವ ಶುದ್ಧಪ್ರತಿ ಬೇರೆ. ಕರಡು ಯಾರಿಗೂ ಮಾತು ಕೊಡಲು ಹುಟ್ಟಿದ್ದಲ್ಲ. ಶುದ್ಧಪ್ರತಿಯಲ್ಲಿ ಮಾತೆಲ್ಲ ಇದೆ, ಹೊಣೆ ಹೊರುವವನು ಮಾತ್ರ ಇಲ್ಲ. ಪ್ರೂಫಿನ ಮೇಲೆ ಸಹಿ ಗೀಚಿದರೆ ಬಲ್ಲವರು ನಕ್ಕುಬಿಡುತ್ತಾರೆ. ರಿಮೇಂಡರಿನ ಮೇಲಾದರೆ ನಂಬುತ್ತಾರೆ. ನಂಬುವಂತಿರುವುದರಿಂದಲೇ ಅದು ಹೆಚ್ಚಿನ ಪಾಪ. ಖಾಲಿ ಜಾಗವೂ ಒಂದು ಸತ್ಯವೇ: ಈ ಮಾತನ್ನು ಯಾರೂ ಕೊಡಲಿಲ್ಲ ಎಂಬ ಸತ್ಯ. ಅದನ್ನು ಅಳಿಸಿದರೆ, ನಾಳೆ ನಿಜವಾದ ಸಹಿಯನ್ನೂ ಜನ ಸಂಶಯದಿಂದ ನೋಡುತ್ತಾರೆ.

ಗೆಳೆಯರು ಚಹಾ ಮುಟ್ಟದೆ ಎದ್ದು ಹೋದರು. ಇಪ್ಪತ್ತು ವರ್ಷದ ಸ್ನೇಹ, ನೋವಾಗಿದೆ. ಆದರೂ ಆ ಜಾಗ ಖಾಲಿಯೇ ಇರಲಿ.