ಹೊರೆ ಮತ್ತು ಎಚ್ಚರ
ಹಿಮಾಲಯನ್‌ನಂಥ ಬೈಕನ್ನು ದೂರದ ದಾರಿಗೆ ಸಜ್ಜುಮಾಡುವುದೆಂದರೆ ಮೊದಲು ನೆನಪಾಗುವುದು ಕೊಳ್ಳುವ ಸಾಮಾನುಗಳು: ಕ್ರ್ಯಾಶ್ ಗಾರ್ಡ್, ಅಲ್ಯೂಮಿನಿಯಂ ಪೆಟ್ಟಿಗೆ, ಹೆಚ್ಚುವರಿ ದೀಪ, ಪೆಟ್ರೋಲ್ ಕ್ಯಾನು. ಒಂದೊಂದೂ ಒಂದೊಂದು ಭಯಕ್ಕೆ ಉತ್ತರ. ಆದರೆ 2016ರಲ್ಲಿ ಬಂದ 411 ಸಿಸಿಯ ಆ ಬೈಕು ಇವೇನೂ ಇಲ್ಲದೆಯೇ 190 ಕಿಲೋ ಮೀರುತ್ತದೆ. ಕಾಪಾಡಲೆಂದು ಹೇರಿದ ಭಾರವೇ ಕೆಸರಿನಲ್ಲಿ ಅದನ್ನು ಕೆಡವಬಹುದು; ಬಿದ್ದ ಮೇಲೆ ಎತ್ತಲೂ ಬಿಡದು.

ನಿರ್ವಹಣೆ ಬೇರೆ ಬಗೆಯ ಸಿದ್ಧತೆ. ಸುಮಾರು 500 ಕಿಲೋಮೀಟರಿಗೊಮ್ಮೆ ಚೈನು ಒರೆಸಿ ಎಣ್ಣೆ ಹಾಕಬೇಕು. ಸ್ಪೋಕ್‌ಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಡಬೇಕು. ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮುಂದಿನ 21 ಇಂಚಿನ ಚಕ್ರದ ಟ್ಯೂಬನ್ನು ಮನೆಯಂಗಳದಲ್ಲೇ ಬಿಚ್ಚಿ ಹಾಕಿ ಕಲಿತವರಿಗೆ ಟೈರ್ ಲಿವರ್, ಪ್ಯಾಚು, ಪಂಪು ಉಪಕರಣಗಳು. ಕಲಿಯದವರಿಗೆ ಅವೂ ಹೊರೆಯೇ.

ಹಾಗಾದರೆ ಕಲಿಯುವುದು ಯಾರ ಹಂಗೂ ಬೇಡವೆಂದೇ? ನನಗೆ ಹಾಗನಿಸುವುದಿಲ್ಲ. ಸ್ಪಿತಿಯ ದಾರಿಯಲ್ಲಿ, 4,500 ಮೀಟರಿಗೂ ಎತ್ತರದ ಕುಂಜುಮ್ ಪಾಸ್‌ನಲ್ಲಿ ಪಂಕ್ಚರಾಗಿ ನಿಂತ ಅಪರಿಚಿತರಿಗೆ ನನ್ನ ಪೆಟ್ಟಿಗೆಗಳಿಂದ ಏನೂ ಆಗಬೇಕಿಲ್ಲ. ನನ್ನ ಕೈಗೆ ಗೊತ್ತಿರುವ ಕೆಲಸದಿಂದ ಆಗಬೇಕಾದದ್ದಿದೆ. ಕೊಂಡದ್ದು ಹೆಚ್ಚಾಗಿ ನನ್ನೊಬ್ಬನನ್ನೇ ಕಾಯುತ್ತದೆ. ಕಲಿತದ್ದು ಇನ್ನೊಬ್ಬರಿಗೂ ಒದಗುತ್ತದೆ, ತೂಕವೂ ಇಲ್ಲ.

ಗಾರ್ಡು ಬೇಡವೆನ್ನುತ್ತಿಲ್ಲ. ಮುಂದಿನ ಸಾಮಾನು ಕೊಳ್ಳುವ ಮೊದಲು ಒಂದು ಪ್ರಶ್ನೆಯಿರಲಿ: ಇದನ್ನು ಕೊಂಡು ನಾನು ಏನನ್ನು ಕಲಿಯುವುದನ್ನು ಮುಂದೂಡುತ್ತಿದ್ದೇನೆ?