ಸಸಿ ಯಾರಿಗಾಗಿ?

ಕಾಡಿಗೆ ಬೆಂಕಿ ಬಿದ್ದ ಸುದ್ದಿ ಕೇಳಿದೊಡನೆ ಒಳ್ಳೆಯ ಮನಸ್ಸಿನವರಿಗೆ ಮೊದಲು ಹೊಳೆಯುವುದು ಸಸಿ ನೆಡುವ ಯೋಚನೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದು ಸಾವಿರಾರು ಎಕರೆ ಬೂದಿಯಾದಾಗ ಮರುಗದವರಿಲ್ಲ. ಮಳೆ ಬಿದ್ದೊಡನೆ ಗುದ್ದಲಿ ಹಿಡಿದು ಹೋಗೋಣ ಎನ್ನುವ ಆಸೆ ಸಹಜವಾದದ್ದೇ. ಯಾರ ಒತ್ತಾಯವೂ ಇಲ್ಲದೆ ರಜೆಯ ದಿನವನ್ನು ಮಣ್ಣಿಗೆ ಕೊಡುವವರನ್ನು ಹಗುರವಾಗಿ ಕಾಣಬಾರದು. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ: ಆ ಸಸಿ ಬೇಕಾಗಿರುವುದು ಕಾಡಿಗೋ, ನಮಗೋ?

ಬಂಡೀಪುರದಂಥ ಎಲೆ ಉದುರುವ ಕಾಡಿಗೆ ಬೆಂಕಿ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬಿಸಿಲು ಬಲಿಯುವ ಮುನ್ನವೇ ತರಗಿಗೆ ಹಗುರವಾಗಿ ಬೆಂಕಿಯಿಟ್ಟು, ದೊಡ್ಡ ಬೆಂಕಿಗೆ ಆಹಾರ ಸಿಗದಂತೆ ನೋಡಿಕೊಳ್ಳುತ್ತಿದ್ದರು. ಮತ್ತಿ, ದಿಂಡಿಗ, ತೇಗ ಮೇಲೆ ಕರಿದಾದರೂ ಎಷ್ಟೋ ಕಡೆ ನೆಲದೊಳಗೆ ಬೇರು ಜೀವ ಹಿಡಿದುಕೊಂಡಿರುತ್ತದೆ. ನಾಲ್ಕು ಮಳೆ ಬಿದ್ದರೆ ಬುಡ ಚಿಗುರುತ್ತದೆ. ಅಂಥ ಕಡೆ ನಾವು ಗುಂಡಿ ತೋಡಿದರೆ ಗುದ್ದಲಿ ತಾಗುವುದು ಆ ಬೇರಿಗೇ.

ಅಲ್ಲಿ ನಿಜವಾಗಿ ಆಗಬೇಕಾದ ಕೆಲಸ ಬೇರೆ. ಸುಟ್ಟ ನೆಲದಲ್ಲಿ ಲಂಟಾನವೂ ಬುಡದಿಂದ ಚಿಗುರಿ ಜಾಗ ಹಿಡಿಯುತ್ತದೆ. ಒಣಗಿದಾಗ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ. ಅಮೆರಿಕ ಖಂಡದಿಂದ ತೋಟದ ಅಂದಕ್ಕೆಂದು ತಂದ ಗಿಡ ಅದು. ಅದನ್ನೂ ಯಾರೋ ಪ್ರೀತಿಯಿಂದಲೇ ನೆಟ್ಟಿದ್ದರು. ಅದನ್ನು ಬೇರುಸಮೇತ ಕೀಳಬೇಕು, ಬೇಸಿಗೆಗೆ ಮುನ್ನ ಬೆಂಕಿರೇಖೆ ಸವರಬೇಕು, ಕಾವಲು ಕಾಯಬೇಕು. ಈ ಕೆಲಸಗಳಿಗೆ ಸಮಾರಂಭವಿಲ್ಲ. ಇಷ್ಟು ಸಾವಿರ ನೆಟ್ಟೆವು ಎಂದು ಹೇಳಿಕೊಳ್ಳುವ ಲೆಕ್ಕವೂ ಸಿಗುವುದಿಲ್ಲ.

ಹಾಗೆಂದು, ಕಾಡು ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ಕೈಕಟ್ಟಿ ಕೂರುವುದಕ್ಕೆ ಇದು ನೆಪವಾಗಬಾರದು. ಮತ್ತೆ ಮತ್ತೆ ಸುಟ್ಟು ತಾಯಿಮರವೂ ಇಲ್ಲದ, ಬೇರೂ ಸತ್ತ ಜಾಗಗಳಿವೆ. ಅಲ್ಲಿ ಅದೇ ಕಾಡಿನ ಬೀಜ ತಂದು ಸಸಿ ಮಾಡಿ ನೆಡಲೇಬೇಕು. ನೆಟ್ಟ ಮೇಲೆ ಕೆಲವು ವರ್ಷ ಹಿಂತಿರುಗಿ ಹೋಗಲೂಬೇಕು. 2025ರಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರನ್ನು ನಾವು ಆಲದ ಸಸಿ ನೆಟ್ಟವರೆಂದು ನೆನೆಯುತ್ತೇವೆ. ನೆಡುವುದು ಒಂದು ದಿನದ ಕೆಲಸ. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಗಂಡ ಹೆಂಡಿರಿಬ್ಬರೂ ನೀರು ಹೊತ್ತ ಬೇಸಿಗೆಗಳೇ ಆ ಸಾಲನ್ನು ಮರವಾಗಿಸಿದ್ದು.

1983ರಲ್ಲಿ ಶಿರಸಿ ಸೀಮೆಯಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿ ಮೂರು ಮಾತು ಹೇಳಿತು: ಉಳಿಸು, ಬೆಳೆಸು, ಬಳಸು. ಆ ಕ್ರಮದಲ್ಲಿಯೇ ಒಂದು ನೀತಿ ಇದೆ. ಉಳಿಸುವುದು ಮೊದಲು ಬರುತ್ತದೆ; ಏಕೆಂದರೆ ಇರುವುದನ್ನು ಗುರುತಿಸದವನಿಗೆ ಬೆಳೆಸುವುದು ಏನನ್ನು ಎಂದು ತಿಳಿಯುವುದಿಲ್ಲ.

ನಮ್ಮಲ್ಲಿರುವುದನ್ನು ಕೊಡುವುದು ದಾನವಾಗಬಹುದು. ಎದುರಿಗಿರುವವರಿಗೆ ಬೇಕಾದದ್ದನ್ನು ಕೇಳಿ ತಿಳಿದು ಮಾಡುವುದು ಸೇವೆ. ಕಾಡಿಗೆ ಬಾಯಿಲ್ಲ; ಆದರೆ ಅದನ್ನು ದಿನವೂ ನಡೆದು ನೋಡುವ ಕಾವಲುಗಾರರಿದ್ದಾರೆ. "ಅಣ್ಣಾ, ಇಲ್ಲಿ ನಮ್ಮಿಂದ ಏನಾಗಬೇಕು?" ಎಂದು ಅವರನ್ನು ಕೇಳಬಹುದು. "ಈಗ ಏನೂ ಬೇಡಿ, ಬೆಂಕಿರೇಖೆ ಸವರುವಾಗ ಜನವರಿಯಲ್ಲಿ ಬನ್ನಿ" ಎಂಬ ಉತ್ತರ ಬಂದರೆ ಉತ್ಸಾಹಕ್ಕೆ ತುಸು ನೋವಾಗುತ್ತದೆ. ಆ ನೋವನ್ನು ನುಂಗಿಕೊಂಡು, ಜನವರಿಯಲ್ಲಿ ನೆನಪಿಟ್ಟು ಹೋಗುವವರು ಎಷ್ಟು ಮಂದಿ ಎಂಬುದರ ಮೇಲೆ ನಮ್ಮ ಕಾಡುಪ್ರೀತಿಯ ಅಳತೆ ನಿಂತಿದೆ.