ಹಾಡನ್ನು ಮದ್ದೆನ್ನುವ ಮೊದಲು

ಅಂದು ಚಿಕ್ಕಮ್ಮನ ಎರಡನೇ ಕೀಮೋ. ಡೇ ಕೇರ್ ವಾರ್ಡಿನ ಟೀವಿಯಲ್ಲಿ ಬೆಳಿಗ್ಗೆಯಿಂದ ದೇವರ ಹಾಡು ಬರುತ್ತಿತ್ತು. ನರ ಸಿಗದೆ ಮೂರು ಕಡೆ ಚುಚ್ಚಿ, ಕೊನೆಗೆ ಮುಂಗೈಯಲ್ಲಿ ಸೂಜಿ ಕೂತಿತ್ತು. ಕೆಂಪು ಔಷಧಿ ಕೊಳವೆಯಲ್ಲಿ ಇಳಿಯತೊಡಗಿದಾಗ ಅವರು ಕಣ್ಣು ಬಿಟ್ಟು, "ಸಿಸ್ಟರ್, ಆ ಹಾಡು ಒಂಚೂರು ನಿಲ್ಲಿಸ್ತೀರಾ?" ಎಂದರು. "ಯಾಕಮ್ಮಾ, ದೇವರ ಹಾಡಲ್ವಾ? ಕೇಳ್ತಾ ಇರಿ, ಮನಸ್ಸಿಗೆ ಒಳ್ಳೇದು" ಎಂದು ಆಕೆ ಪ್ರೀತಿಯಿಂದಲೇ ಹೇಳಿ ಪಕ್ಕದ ಕುರ್ಚಿಗೆ ಹೋದರು. ಸಂಜೆ ಆಟೋದಲ್ಲಿ ಚಿಕ್ಕಮ್ಮ ತಾವಾಗಿಯೇ ಮಾತು ತೆಗೆದರು: "ದೇವರ ಮೇಲೆ ನಂಗೇನೂ ಸಿಟ್ಟಿಲ್ಲ ಕಣಪ್ಪ. ಇಲ್ಲಿಗೆ ಬಂದಾಗಿಂದ ಎಲ್ಲದಕ್ಕೂ ಹೂಂ ಅಂದಿದೀನಿ. ಎದೆ ತೆಗೀಬೇಕು ಅಂದ್ರು, ಹೂಂ ಅಂದೆ. ಕೂದಲು ಹೋಗುತ್ತೆ ಅಂದ್ರು, ಹೂಂ ಅಂದೆ. ಒಂದಕ್ಕಾದ್ರೂ ಬೇಡ ಅನ್ನೋಣ ಅನ್ನಿಸ್ತು."

ಆ ಮಾತು ಕೇಳುವವರೆಗೆ ಕ್ಯಾನ್ಸರ್ ರೋಗಿಗೆ ಸಂಗೀತದಿಂದ ಒಳ್ಳೆಯದಾಗುತ್ತದೆ ಎಂಬುದರಲ್ಲಿ ನನಗೆ ಯೋಚಿಸುವಂಥದ್ದೇನೂ ಕಂಡಿರಲಿಲ್ಲ. ಒಳ್ಳೆಯದೇ, ಇನ್ನೇನು? ಈಗ ನನ್ನ ಪ್ರಶ್ನೆ ಬೇರೆಯದು. ಒಳ್ಳೆಯದಾಗುವುದು ಹಾಡಿನಿಂದಲೋ, ಹಾಡು ಬೇಕೋ ಬೇಡವೋ ಎಂದು ರೋಗಿಯೇ ಹೇಳುವುದರಿಂದಲೋ?

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡಬೇಕು. ಯಾವ ರಾಗವೂ ಗೆಡ್ಡೆಯನ್ನು ಕರಗಿಸುವುದಿಲ್ಲ. ಈ ಕಾಯಿಲೆಗೆ ಈ ರಾಗ, ಆ ಕಾಯಿಲೆಗೆ ಆ ರಾಗ ಎಂದು ಪಟ್ಟಿ ಹಿಡಿದು ಬರುವವರು ಭಯದಲ್ಲಿರುವವರ ಮುಂದೆ ಹೇಳಬಾರದ ಮಾತನ್ನು ಹೇಳುತ್ತಿದ್ದಾರೆ. ಆ ಮಾತು ನಂಬಿ ರೋಗಿ ಕೀಮೋದ ಒಂದು ಸೈಕಲ್ ತಪ್ಪಿಸಿಕೊಂಡರೂ ಅದರ ಬೆಲೆ ತೆರುವವರು ಅವರಲ್ಲ.

ಹಾಗಾದರೆ ಸಂಗೀತ ಏನು ಮಾಡುತ್ತದೆ? ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2021ರಲ್ಲಿ ಇದೇ ವಿಷಯದ 81 ಪ್ರಯೋಗಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಭಾಗವಹಿಸಿದವರು 5,576 ಮಂದಿ. ದೊಡ್ಡವರಲ್ಲಿ ಆತಂಕ, ಖಿನ್ನತೆ, ನೋವು, ಸುಸ್ತು ಕಡಿಮೆಯಾಗಬಹುದು ಎಂದು ಅದು ಹೇಳಿತು. ಜೊತೆಗೇ, ಪುರಾವೆ ಗಟ್ಟಿಯಾಗಿಲ್ಲ ಎಂದೂ ಎಚ್ಚರಿಸಿತು. ಗಟ್ಟಿಯಾಗದಿರಲು ಇರುವ ಕಾರಣಗಳಲ್ಲಿ ಒಂದು ನನ್ನನ್ನು ಬಹಳ ದಿನ ಕಾಡಿದೆ. ಮಾತ್ರೆಯ ಪ್ರಯೋಗದಲ್ಲಿ ಅರ್ಧ ಜನಕ್ಕೆ ಸಕ್ಕರೆ ಗುಳಿಗೆ ಕೊಟ್ಟು, ಯಾರಿಗೆ ಯಾವುದು ಎಂಬುದನ್ನು ಮುಚ್ಚಿಡಬಹುದು. ರೋಗಿಗೆ ಗೊತ್ತಾಗದಿದ್ದಷ್ಟೂ ಫಲಿತಾಂಶ ಶುದ್ಧ. ಹಾಡಿನಲ್ಲಿ ಇದು ಆಗದು. ತಾನು ಹಾಡು ಕೇಳಿದೆ ಎಂದು ಗೊತ್ತೇ ಇಲ್ಲದವರು ಹಾಡನ್ನು ಕೇಳಿಯೇ ಇಲ್ಲ. ಪರೀಕ್ಷಕರ ಪಾಲಿಗೆ ಇದು ವಿಧಾನದ ದೋಷ. ನನಗೆ ಮಾತ್ರ ವಿಷಯದ ತಿರುಳೇ ಇಲ್ಲಿದೆ ಅನ್ನಿಸುತ್ತದೆ. ಮಾತ್ರೆ ನಿದ್ದೆಯಲ್ಲಿದ್ದರೂ ಕೆಲಸ ಮಾಡುತ್ತದೆ. ಹಾಡಿಗೆ ಎಚ್ಚರವಿರುವ, ಒಪ್ಪಿ ಕಿವಿಗೊಡುವ ಒಬ್ಬ ಮನುಷ್ಯ ಬೇಕು.

ಈ ಕ್ಷೇತ್ರದವರೂ ಒಂದು ವ್ಯತ್ಯಾಸ ಮಾಡುತ್ತಾರೆ. ಹೆಡ್‌ಫೋನ್ ಕೊಟ್ಟು ಧ್ವನಿಮುದ್ರಿಕೆ ಹಾಕುವುದು ಒಂದು. ತರಬೇತಾದ ಚಿಕಿತ್ಸಕರು ಹಾಸಿಗೆಯ ಪಕ್ಕ ಕೂತು, ರೋಗಿಯ ಉಸಿರನ್ನೂ ಮುಖವನ್ನೂ ನೋಡುತ್ತ, ಕೇಳಿ ನುಡಿಸುವುದು, ಜೊತೆಗೆ ಹಾಡುವುದು ಇನ್ನೊಂದು. ಎರಡನೆಯದನ್ನು ಮಾತ್ರ ಅವರು ಸಂಗೀತ ಚಿಕಿತ್ಸೆ ಎನ್ನುತ್ತಾರೆ. ಕೆನಡಾದ ಮಾಂಟ್ರಿಯಲ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಉಪಶಮನ ವಿಭಾಗದಲ್ಲಿ ಸೂಸನ್ ಮನ್ರೋ ಮತ್ತು ಬಾಲ್ಫರ್ ಮೌಂಟ್ ಇದನ್ನು ಮಾಡಿ 1978ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ಊರಿನ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಜೊತೆ ಸೇರಿ 1965ರಲ್ಲಿ ನೋವಿನ ಬಗ್ಗೆ ಮಂಡಿಸಿದ ಸಿದ್ಧಾಂತವನ್ನೂ ಇಲ್ಲಿ ನೆನೆಯಬೇಕು. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಿ ಮಿದುಳಿಗೆ ಹೋಗುತ್ತದೆ, ಆ ಬಾಗಿಲನ್ನು ಎಷ್ಟು ತೆರೆಯಬೇಕೆನ್ನುವುದರಲ್ಲಿ ನಮ್ಮ ಭಯಕ್ಕೂ ಗಮನಕ್ಕೂ ಪಾಲಿದೆ ಎಂದರು ಅವರು. ವಿವರಗಳು ಆಮೇಲೆ ತಿದ್ದುಪಡಿಯಾದವು. ನೋವು ಬರೀ ತಂತಿಯಲ್ಲಿ ಬರುವ ಸುದ್ದಿಯಲ್ಲ ಎಂಬ ಮಾತು ನಿಂತಿದೆ.

ಇಷ್ಟಿದ್ದರೆ ರೋಗಿಗೆ ಬಹಳ ಇಷ್ಟವಾದ ಹಾಡನ್ನೇ ಹಾಕಿದರಾಯಿತಲ್ಲ? ಅದೂ ಅಷ್ಟು ಸಲೀಸಲ್ಲ. ಆಸ್ಪತ್ರೆಯ ಗೇಟಿನ ವಾಸನೆಗೇ, ಔಷಧಿ ಮೈಗೆ ಸೇರುವ ಮೊದಲೇ, ಕೆಲವರಿಗೆ ವಾಂತಿ ಬರುತ್ತದೆ. ಇಲೀನ್ ಬರ್ನ್‌ಸ್ಟೈನ್ ಎಂಬ ಮನೋವಿಜ್ಞಾನಿ ಕೀಮೋ ಪಡೆಯುವ ಮಕ್ಕಳಿಗೆ ಚಿಕಿತ್ಸೆಗೆ ಮುಂಚೆ ಹೊಸ ರುಚಿಯ ಐಸ್‌ಕ್ರೀಂ ಕೊಟ್ಟು ನೋಡಿದರು. ಆಮೇಲೆ ಅದೇ ಐಸ್‌ಕ್ರೀಂ ಮುಂದಿಟ್ಟಾಗ ಬಹಳಷ್ಟು ಮಕ್ಕಳು ಬೇಡವೆಂದವು. 1978ರಲ್ಲಿ ಪ್ರಕಟವಾದ ಈ ಕೆಲಸ ಓದಿದಾಗ ನನಗೆ ನಾಲಿಗೆಗಿಂತ ಕಿವಿಯ ಚಿಂತೆ ಹತ್ತಿತು. ಹೊಟ್ಟೆ ತೊಳಸುವ ಗಳಿಗೆಯಲ್ಲಿ ಕೇಳಿದ ಹಾಡಿಗೂ ಆ ತೊಳಸು ಅಂಟಬಹುದಲ್ಲ? ಅಮ್ಮ ಹಾಡಿದ್ದ ಜೋಗುಳವನ್ನೋ ಮದುವೆ ಮನೆಯ ಸೋಬಾನೆಯನ್ನೋ ಡ್ರಿಪ್ಪಿನ ಜೊತೆ ಕಟ್ಟಿಹಾಕಿದರೆ, ಕಾಯಿಲೆ ವಾಸಿಯಾದ ಮೇಲೂ ಅದು ವಾರ್ಡನ್ನೇ ನೆನಪಿಸುತ್ತಿರಬಹುದು. ಯಾವ ಹಾಡನ್ನು ಒಳಗೆ ತರಬೇಕು, ಯಾವುದನ್ನು ಮನೆಯಲ್ಲೇ ಬಿಟ್ಟು ಬರಬೇಕು ಎಂಬುದು ಆ ಹಾಡಿನೊಡನೆ ಬಾಳಿದವರಿಗೆ ಮಾತ್ರ ಗೊತ್ತು.

ನಮ್ಮ ಕಡೆ ಬೀಸುವಾಗ ಹೆಂಗಸರು ಹಾಡುತ್ತಿದ್ದರು. ಬೆಳಗಿನ ಜಾವ ಎದ್ದು, ರಾಗಿಕಲ್ಲಿನ ಎದುರುಬದುರು ಇಬ್ಬರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ ತಿರುಗಿಸುತ್ತ. ಆ ಪದಗಳನ್ನು ಕೇಳಲು ಯಾರೂ ಕೂತಿರುತ್ತಿರಲಿಲ್ಲ, ಮನೆ ಮಲಗಿರುತ್ತಿತ್ತು. ಹಾಡಿನಿಂದ ಕಲ್ಲು ಹಗುರವಾಗುತ್ತಿರಲಿಲ್ಲ, ರಾಗಿ ಬೇಗ ಹಿಟ್ಟಾಗುತ್ತಿರಲಿಲ್ಲ. ಆದರೆ ಕೈ ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಹಾಡು ಹೇಳುತ್ತಿತ್ತು. ಒಬ್ಬಳಿಗೆ ಉಸಿರು ಕಟ್ಟಿದರೆ ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ಅತ್ತೆಯ ಮಾತು, ತವರಿನ ದಾರಿ, ಸತ್ತ ಮಗು ಎಲ್ಲ ಅದರಲ್ಲೇ ಬಂದು ಹೋಗುತ್ತಿದ್ದವು. ದುಡಿತ ಹೇಗೂ ತಪ್ಪದು. ಆದರೆ ದುಡಿಯುವಷ್ಟು ಹೊತ್ತು ಅದರ ಲಯ ಅವರದೇ ಆಗಿರುತ್ತಿತ್ತು. ಕೀಮೋ ಕುರ್ಚಿಯಲ್ಲಿ ತಲೆಕೆಳಗಾಗುವುದು ಇದೇ. ಹನಿಯ ಲಯ ಯಂತ್ರದ್ದು, ಸರದಿಯ ಲಯ ಟೋಕನ್ನಿನದು. ಕರೆಂಟು, ಅಂದರೆ ವಿಕಿರಣ, ಕೊಡುವ ಕೋಣೆಯಲ್ಲಂತೂ ಗಂಟಲಿನ ರೋಗಿಯ ಮುಖದ ಮೇಲೆ ಅಚ್ಚಿನ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ, ಎಲ್ಲರೂ ಹೊರಗೆ ಹೋಗುತ್ತಾರೆ. ಅಲ್ಲಾಡುವ ಹಾಗಿಲ್ಲ. ಚಿಕಿತ್ಸೆಗೆ ಇದೆಲ್ಲ ಬೇಕೇ ಬೇಕು, ನಾನು ದೂರುತ್ತಿಲ್ಲ. ಒಳಗೆ ಹೋಗುವ ಮುಂಚೆ "ಏನು ಹಾಕಲಿ, ಏನೂ ಬೇಡವೋ?" ಎಂದು ಒಬ್ಬರು ಕೇಳಿದರೆ, ಅಷ್ಟು ಹೊತ್ತಿನ ಒಂದು ಸಂಗತಿಯಾದರೂ ರೋಗಿಯ ಕೈಯಲ್ಲಿರುತ್ತದೆ.

ಔಷಧಿಗೇ ದುಡ್ಡಿಲ್ಲದೆ ಹೊಲ ಅಡ ಇಟ್ಟು ಬಂದವರಿಗೆ ಸಂಗೀತದ ಮಾತೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ನೋವಿನ ವಿಷಯದಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಮಾರ್ಫಿನ್ ರೋಗಿಗಳ ಕೈಗೆ ಸಿಗದೆ ವರ್ಷಗಳು ಕಳೆದವು. ಆ ಬಿಗಿ ಸಡಿಲಿಸುವ ತಿದ್ದುಪಡಿ ಬಂದದ್ದು 2014ರಲ್ಲಿ. ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವಿನಲ್ಲಿ ಒದ್ದಾಡುವವರಿಗೆ ಮಾರ್ಫಿನ್ ಕೊಡದೆ ವೀಣೆ ಕೇಳಿಸುವುದು ಕ್ರೌರ್ಯ. ಮೊದಲು ಮಾರ್ಫಿನ್. ಆದರೆ ನೋವು ಇಳಿದ ಮೇಲೂ ಕುರ್ಚಿಯಲ್ಲಿ ಒಬ್ಬ ಮನುಷ್ಯ ಉಳಿದಿರುತ್ತಾನೆ, ಬಡವನಾದರೂ. ಅವನನ್ನು ಕೇಳುವುದಕ್ಕೆ ಬೇಕಾದದ್ದು ಹಾಡಲ್ಲ, ಹಾಡು ಎಲ್ಲರ ಮೊಬೈಲಿನಲ್ಲೂ ಇದೆ. ಬೇಕಾದದ್ದು ಪಕ್ಕ ಕೂರುವ ಒಬ್ಬರ ಪುರುಸೊತ್ತು. ದುಬಾರಿಯಾದದ್ದು ಅದು, ಆಸ್ಪತ್ರೆಗಳು ಸಂಬಳ ಕೊಟ್ಟು ಇಡಬೇಕಾದದ್ದೂ ಅದನ್ನೇ.

ನಾಲ್ಕನೇ ಸೈಕಲ್ಲಿಗೆ ನಾನು ಹೆಡ್‌ಫೋನ್ ತೆಗೆದುಕೊಂಡು ಹೋಗಿದ್ದೆ. "ಏನು ಹಾಕಲಿ ಚಿಕ್ಕಮ್ಮ?" ಎಂದೆ. "ಏನೂ ಬೇಡ, ಸುಮ್ನಿರು" ಎಂದರು. ಅಂದು ಟೀವಿ ಕೆಟ್ಟಿತ್ತು. ಅರ್ಧ ಬಾಟಲಿ ಇಳಿದ ಮೇಲೆ ತುಟಿಯೊಳಗೇ ಏನೋ ಗುನುಗತೊಡಗಿದರು, ಬೀಸುವ ಪದ. ಎರಡು ಸಾಲಾದ ಮೇಲೆ ಮರೆತು ನಿಂತರು. ಪಕ್ಕದ ಕುರ್ಚಿಯಿಂದ, ತಲೆಗೆ ಟವೆಲ್ ಕಟ್ಟಿಕೊಂಡಿದ್ದ ಹಾವೇರಿ ಕಡೆಯ ಹೆಂಗಸು ಮುಂದಿನ ಸಾಲು ಎತ್ತಿಕೊಟ್ಟಳು. "ಹಂಗಲ್ಲ ಅದು" ಎಂದರು ಚಿಕ್ಕಮ್ಮ. "ನಮ್ಮ ಕಡೆ ಹಿಂಗ ಐತ್ರಿ" ಎಂದಳು ಆಕೆ. ಯಾವುದು ಸರಿ ಎಂದು ಇಬ್ಬರಿಗೂ ವಾದ ಹತ್ತಿತು, ಮತ್ತೆ ಮೊದಲಿಂದ ಶುರುವಾಯಿತು. ಅಷ್ಟರಲ್ಲಿ ಬಾಟಲಿ ಮುಗಿದು ಯಂತ್ರ ಕೂಗಿಕೊಂಡಿತು. ಸಿಸ್ಟರ್ ಬಂದು ಕೊಳವೆಗೆ ಕೈ ಹಾಕಿದರು.

"ಒಂದ್ನಿಮಿಷ ಇರಮ್ಮಾ" ಎಂದರು ಚಿಕ್ಕಮ್ಮ, "ಇದು ಮುಗೀಲಿ."

ಸಿಸ್ಟರ್ ಯಂತ್ರದ ಸದ್ದು ನಿಲ್ಲಿಸಿ, ಕಾದರು.